ಅಣ್ಣ ಮೂರೇ ವರ್ಷದಲ್ಲಿ ಹೋದ, ನನಗೆ ಏನೂ ಆಗಲಿಲ್ಲ: ಎಚ್‌ಐವಿ ವಿಷಯದಲ್ಲಿ ಜೀನುಗಳ ಪಾಲೆಷ್ಟು?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಸಾಹೇಬ್ರ. ನಾ ಸೇಡಂ ತಾಲೂಕಿನಾಂವ. ನಾವು ಅಣ್ಣ-ತಮ್ಮ ಇಬ್ಬರೂ ಸಿಮೆಂಟ್ ಲಾರಿ ಮ್ಯಾಲ ಸೋಲಾಪುರ, ಹೈದರಾಬಾದ್ ಕಡಿ ಹೋಗ್ತಿದ್ವಿ. 2009ರಾಗ ಇಬ್ಬರಿಗೂ ಎಚ್‌ಐವಿ ಅದ ಅಂತ ಗೊತ್ತಾಯ್ತು. ಅಣ್ಣ ಲಾರಿಗಿ ಬರೋಕಿನ ಮೊದಲ ಕಲ್ಲಿನ ಕ್ರಷರ್‌ನಾಗ ಭಾಳ ವರ್ಷ ದುಡದಿದ್ದ. ಮೂರು ವರ್ಷದಾಗ ಟಿಬಿ ಆಗಿ ತೀರ್ಕೊಂಡ. ನನಗ ಸಿಡಿ4 (ರೋಗ ತಡೆಯೋ ಬಿಳಿ ರಕ್ತಕಣದ ಲೆಕ್ಕ) ಇಳೀಲೇ ಇಲ್ಲ, ಯಾವಾಗ ನೋಡಿದ್ರೂ 600ರ ಮ್ಯಾಲೇ. 2017ರಾಗ ಎಲ್ಲರಿಗೂ ಗುಳಿಗಿ ಅಂದಾಗ ನಾನೂ ಸುರು ಮಾಡೀನಿ. ನಮ್ಮ ಮನಿಯಾಕಿ ನಮ್ಮ ಅಕ್ಕನ ಮಗಳೇ. ಆಕೀಗಿ ಇನ್ನೂ ನೆಗೆಟಿವ್ ಅದ. ಸಂಗತಿ ಗೊತ್ತಿದ್ದ ಒಬ್ಬಿಬ್ಬರು ‘ನಿಂದು ಗಟ್ಟಿ ರಕ್ತ’ ಅಂತಾರ. ಇದು ಜೀನ್ ಪ್ರಭಾವ ಅಂತ ಮೊಬೈಲ್‌ನಾಗ ಓದೀನಿ. ಖರೇ ಏನ್ರಿ? ಜೀನ್ ಟೆಸ್ಟ್ ಮಾಡಿಸ್ಬೇಕಾ? ಹಿಂಗಿದ್ರ ಗುಳಿಗಿ ಬಿಟ್ರ ನಡೀತದೇನು? ಮುಂದ ಹುಟ್ಟೋ ಮಕ್ಕಳಿಗಿ ಈ ಶಕ್ತಿ ಬರ್ತದೇನು?

ಉತ್ತರ: ನಿಮ್ಮ ಮೂರನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಗುಳಿಗೆ ಬಿಡಬೇಡಿ. ಕಾರಣ ಮುಂದೆ ಬರುತ್ತದೆ. ಪೂರ್ತಿ ಓದಲು ಪುರಸೊತ್ತಿಲ್ಲದಿದ್ದರೆ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಇನ್ನು ಜೀನಿನ ವಿಷಯ. ನೀವು ಓದಿದ್ದು ಸುಳ್ಳಲ್ಲ. ಎಚ್‌ಐವಿ ತಗುಲಿದ ಮೇಲೆ ಯಾರ ದೇಹ ಎಷ್ಟು ಕಾಲ ತಡೆದು ನಿಲ್ಲುತ್ತದೆ ಎನ್ನುವುದರಲ್ಲಿ ಹುಟ್ಟಿನಿಂದ ಬಂದ ಜೀನುಗಳಿಗೆ ಪಾಲಿದೆ. ಹಾಗಂತ ನಿಮ್ಮಣ್ಣ ಹೋದದ್ದಕ್ಕೂ ನೀವು ಉಳಿದದ್ದಕ್ಕೂ ಜೀನೊಂದೇ ಕಾರಣ ಎಂದು ಹೇಳಲು ನಾನು ತಯಾರಿಲ್ಲ. ನಿಮ್ಮ ಪತ್ರದಲ್ಲೇ ಬೇರೆ ಕಾರಣಗಳೂ ಇಣುಕುತ್ತಿವೆ.

ಮೊದಲನೆಯದು ದಿನಾಂಕದ ಸಮಸ್ಯೆ. 2009ರಲ್ಲಿ ಇಬ್ಬರಿಗೂ ಗೊತ್ತಾಯಿತು ಎಂದಿರಿ. ಗೊತ್ತಾದದ್ದು ಅವತ್ತು, ತಗುಲಿದ್ದು ಯಾವತ್ತು? ಚಿಕಿತ್ಸೆ ಇಲ್ಲದಿದ್ದರೆ ಸೋಂಕು ತಗುಲಿ ಏಡ್ಸ್ ಹಂತ ಮುಟ್ಟಲು ಸಾಮಾನ್ಯವಾಗಿ 8ರಿಂದ 10 ವರ್ಷ ಬೇಕು. ಕೆಲವರಿಗೆ ಎರಡು ಮೂರು ವರ್ಷದಲ್ಲೇ ಎಲ್ಲ ಮುಗಿಯುತ್ತದೆ, ಇನ್ನು ಕೆಲವರು 15-20 ವರ್ಷ ಗಟ್ಟಿಮುಟ್ಟಾಗಿ ಓಡಾಡುತ್ತಾರೆ. ಅಣ್ಣನಿಗೆ 2002ರ ಸುಮಾರಿಗೇ ತಗುಲಿ, ನಿಮಗೆ 2008ರಲ್ಲಿ ತಗುಲಿದ್ದರೆ ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಹೋಲಿಸುವುದು ತಪ್ಪಾಗುತ್ತದೆ. ಎರಡನೆಯದು ಕ್ರಷರ್. ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೊಕ್ಕವರಿಗೆ ಎಚ್‌ಐವಿ ಇಲ್ಲದಿದ್ದರೂ ಟಿಬಿ ಬೇಗ ಹಿಡಿಯುತ್ತದೆ. ಎಚ್‌ಐವಿ, ಟಿಬಿ ಎರಡೂ ಸೇರಿದರಂತೂ ಒಂದನ್ನೊಂದು ಕೆರಳಿಸುತ್ತವೆ: ಟಿಬಿ ಬಂದರೆ ರಕ್ತದಲ್ಲಿ ವೈರಸ್ ಏರುತ್ತದೆ, ವೈರಸ್ ಏರಿದರೆ ಟಿಬಿ ಹರಡುತ್ತದೆ. ನಮ್ಮ ಭಾಗದಲ್ಲಿ ಎಚ್‌ಐವಿ ಇದ್ದವರು ತೀರಿಕೊಂಡಾಗ ಟಿಬಿ ಎಷ್ಟೋ ಸಲ ಜೊತೆಗಿರುತ್ತದೆ. ಅದನ್ನು ಜೀನಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ನಿಮ್ಮ ಸಿಡಿ4 ಗುಳಿಗೆ ಇಲ್ಲದೆ ಎಂಟು ವರ್ಷ 600ರ ಮೇಲೇ ನಿಂತದ್ದು ಸಣ್ಣ ಸಂಗತಿ ಅಲ್ಲ. ಇಂಥವರನ್ನು ವೈದ್ಯರು ನಿಧಾನವಾಗಿ ಮುಂದುವರಿಯುವವರು ಎನ್ನುತ್ತೇವೆ. ಅವರಲ್ಲೂ ಔಷಧಿ ಇಲ್ಲದೆಯೇ ರಕ್ತದಲ್ಲಿ ವೈರಸ್ ಕಾಣಿಸದಷ್ಟು ಹತೋಟಿಯಲ್ಲಿ ಇಟ್ಟುಕೊಳ್ಳುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ನೀವು ಆ ಪೈಕಿಯೋ ಅಲ್ಲವೋ ಈಗ ಹೇಳುವುದು ಕಷ್ಟ. ನಮ್ಮ ಸರಕಾರಿ ಕೇಂದ್ರಗಳಲ್ಲಿ ಎಲ್ಲರಿಗೂ ನಿಯಮಿತವಾಗಿ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಎಣಿಕೆ) ನೋಡುವ ವ್ಯವಸ್ಥೆ ಬಂದದ್ದೇ 2018ರಲ್ಲಿ, ಅಷ್ಟೊತ್ತಿಗೆ ನೀವು ಗುಳಿಗೆ ಶುರು ಮಾಡಿಯಾಗಿತ್ತು.

ಹಾಗಾದರೆ ಜೀನು ಮಾಡುವ ಕೆಲಸ ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಲಬುರಗಿ ಎಪಿಎಂಸಿಗೆ ತೊಗರಿ ತಂದವರಿಗೆ ಇದು ಗೊತ್ತು: ಖರೀದಿದಾರ ಚೀಲ ಪೂರ್ತಿ ಸುರಿದು ನೋಡುವುದಿಲ್ಲ. ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಹೊರಗೆಳೆದು ಅಂಗೈಯಲ್ಲಿ ಹರವಿ ನೋಡುತ್ತಾನೆ, ಅಷ್ಟರಲ್ಲೇ ಮಾಲು ಎಂಥದ್ದೆಂದು ತೀರ್ಮಾನ ಮಾಡುತ್ತಾನೆ. ನಮ್ಮ ಬಹುತೇಕ ಪ್ರತಿ ಜೀವಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚೂರುಗಳನ್ನು ಹೀಗೆಯೇ ಹೊರಮೈಗೆ ತಂದು ಹಿಡಿದು ತೋರಿಸುತ್ತಿರುತ್ತದೆ. ಹಿಡಿದು ತೋರಿಸುವ ಆ ಅಂಗೈಯ ಹೆಸರು ಎಚ್‌ಎಲ್‌ಎ. ನೋಡಲು ಬರುವವರು ಸಿಡಿ8 ಎಂಬ ಬಿಳಿ ರಕ್ತಕಣಗಳು. ತೋರಿಸಿದ ಚೂರು ನಮ್ಮದೇ ಆಗಿದ್ದರೆ ಸುಮ್ಮನೆ ಮುಂದೆ ಹೋಗುತ್ತವೆ. ವೈರಸ್ಸಿನದ್ದಾಗಿದ್ದರೆ ಆ ಜೀವಕೋಶವನ್ನೇ ಕೊಂದುಹಾಕುತ್ತವೆ, ಒಳಗಿನ ವೈರಸ್ ಹೊರಬಂದು ಹರಡುವ ಮೊದಲೇ.

ಈ ಎಚ್‌ಎಲ್‌ಎ ಜೀನುಗಳು ನಮ್ಮ 6ನೇ ವರ್ಣತಂತುವಿನ ಮೇಲೆ ಒಂದೇ ಕಡೆ ಗುಂಪಾಗಿ ಕೂತಿವೆ. ಈ ಕೆಲಸಕ್ಕೆ ಮುಖ್ಯವಾದವು ಮೂರು: ಎ, ಬಿ, ಸಿ. ಅಪ್ಪನಿಂದ ಒಂದು ಸೆಟ್, ಅವ್ವನಿಂದ ಒಂದು ಸೆಟ್, ಒಟ್ಟು ಆರು. ಒಂದೊಂದರಲ್ಲೂ ಸಾವಿರಾರು ಬಗೆಗಳಿವೆ. ಮನುಷ್ಯನ ದೇಹದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇಷ್ಟು ಬೇರೆ ಬೇರೆ ಆಗಿರುವ ಜೀನುಗಳು ಇನ್ನಿಲ್ಲ. ಕಿಡ್ನಿ, ಅಸ್ಥಿಮಜ್ಜೆ ಬದಲಿಸುವಾಗ ಹೊಂದುತ್ತದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಒದ್ದಾಡುವುದು ಇದೇ ಕಾರಣಕ್ಕೆ. ಬಗೆ ಬದಲಾದರೆ ಚೂರನ್ನು ಹಿಡಿಯುವ ತಗ್ಗಿನ ಆಕಾರ ಬದಲಾಗುತ್ತದೆ. ಆಕಾರ ಬದಲಾದರೆ ಹಿಡಿಯುವ ಚೂರೂ ಬೇರೆಯಾಗುತ್ತದೆ. ನಿಮ್ಮ ಎಚ್‌ಎಲ್‌ಎ ವೈರಸ್ಸಿನ ಯಾವ ತುಣುಕನ್ನು ಹೊರಗೆ ತೋರಿಸುತ್ತದೆ ಎನ್ನುವುದರ ಮೇಲೆ ಅರ್ಧ ಆಟ ನಿಂತಿದೆ.

ಎಚ್‌ಐವಿ ಬಲು ಚಾಲಾಕಿ ವೈರಸ್. ತನ್ನ ಪ್ರತಿ ಮಾಡಿಕೊಳ್ಳುವಾಗ ತಪ್ಪು ಮಾಡುತ್ತಲೇ ಇರುತ್ತದೆ, ಆ ತಪ್ಪುಗಳೇ ಅದಕ್ಕೆ ವರ. ಸಿಡಿ8 ಕಣಗಳು ಗುರುತಿಸುತ್ತಿದ್ದ ತುಣುಕು ಸ್ವಲ್ಪ ಬದಲಾದರೆ ಸಾಕು, ಗುರುತು ಸಿಗದೆ ತಪ್ಪಿಸಿಕೊಳ್ಳುತ್ತದೆ. ಬಹಳಷ್ಟು ಎಚ್‌ಎಲ್‌ಎ ಬಗೆಗಳು ತೋರಿಸುವುದು ಇಂಥ, ವೈರಸ್ ಸುಲಭವಾಗಿ ಬದಲಿಸಿಕೊಳ್ಳಬಲ್ಲ ತುಣುಕುಗಳನ್ನು. ಬಿ ಜೀನಿನ ಬಿ*57 ಎಂಬ ಬಗೆ ಹಾಗಲ್ಲ. ಅದು ಹಿಡಿಯುವುದು ಗ್ಯಾಗ್ ಎಂಬ ಪ್ರೋಟೀನಿನ ತುಣುಕುಗಳನ್ನು. ವೈರಸ್ಸಿನ ಒಳಕವಚ ಕಟ್ಟುವುದೇ ಗ್ಯಾಗ್, ಅಲ್ಲಿ ಕೈಹಾಕಿದರೆ ವೈರಸ್ಸಿಗೇ ಪೆಟ್ಟು. ಪ್ರಯೋಗಾಲಯದವರು ಬಹಳ ನೋಡಿರುವ ಒಂದು ಉದಾಹರಣೆ: ಗ್ಯಾಗ್‌ನ 242ನೇ ಜಾಗದಲ್ಲಿ ಥ್ರಿಯೊನಿನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಇಟ್ಟಿಗೆ, ಇರುತ್ತದೆ. ಬಿ*57 ಇದ್ದವರ ದೇಹದಲ್ಲಿ ವೈರಸ್ ತಪ್ಪಿಸಿಕೊಳ್ಳಲು ಅದನ್ನು ತೆಗೆದು ಆಸ್ಪರಜಿನ್ ಇಟ್ಟುಕೊಳ್ಳುತ್ತದೆ. ತಪ್ಪಿಸಿಕೊಳ್ಳುತ್ತದೇನೋ ನಿಜ, ಆದರೆ ಆಮೇಲೆ ಅದರ ಬೆಳವಣಿಗೆಯೇ ಕುಂಠಿತ. ಅದೇ ವೈರಸ್ ಬಿ*57 ಇಲ್ಲದ ಇನ್ನೊಬ್ಬರ ದೇಹಕ್ಕೆ ಹೋದರೆ ಕೆಲ ಕಾಲದಲ್ಲಿ ಆಸ್ಪರಜಿನ್ ಬಿಟ್ಟು ಮತ್ತೆ ಥ್ರಿಯೊನಿನ್‌ಗೇ ಮರಳುತ್ತದೆ. ಆ ಬದಲಾವಣೆ ಅದಕ್ಕೆ ಎಷ್ಟು ಭಾರವಾಗಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಿ*27 ಕೂಡ ಇದೇ ಜಾತಿ. ಅದರ ಕಣ್ಣು ತಪ್ಪಿಸಲು ವೈರಸ್ 264ನೇ ಜಾಗದಲ್ಲಿ ಬದಲಾಗಬೇಕು. ಬದಲಾದರೆ ಕವಚ ಸಡಿಲ. ಅದನ್ನು ಸರಿಪಡಿಸಲು ಬೇರೊಂದು ಜಾಗದಲ್ಲೂ ಬದಲಾವಣೆ ಬೇಕು. ಎರಡೂ ಕೂಡಿ ಬರಲು ವರ್ಷಗಳೇ ಹಿಡಿಯುತ್ತವೆ, ಅಷ್ಟು ವರ್ಷ ಆ ಮನುಷ್ಯ ಆರಾಮ. ಒಂದು ಮಾತು ಇಲ್ಲೇ ಸೇರಿಸಬೇಕು: ಬೆನ್ನೆಲುಬಿನ ಕೀಲುಗಳು ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ಇರುವುದು ಇದೇ ಬಿ*27. ಒಂದು ಕಡೆ ಕಾಯುವ ಜೀನ್ ಇನ್ನೊಂದು ಕಡೆ ಕಾಡುತ್ತದೆ. ಒಳ್ಳೆ ಜೀನ್, ಕೆಟ್ಟ ಜೀನ್ ಎಂದು ಬರೆಯುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಉಲ್ಟಾ ಪರಿಣಾಮ ಇರುವ ಬಗೆಗಳೂ ಇವೆ. ಬಿ*35ರ ಕುಟುಂಬದಲ್ಲಿ ಬಿ*35:01 ಇದ್ದವರಿಗೆ ಅಂಥ ತೊಂದರೆ ಕಂಡಿಲ್ಲ, ಬಿ*35:02 ಮತ್ತು ಬಿ*35:03 ಇದ್ದವರಲ್ಲಿ ಕಾಯಿಲೆ ಬೇಗ ಮುಂದುವರಿಯುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಇವುಗಳ ನಡುವಿನ ವ್ಯತ್ಯಾಸ ಬಹಳ ಚಿಕ್ಕದು. 2010ರಲ್ಲಿ ಬಂದ ದೊಡ್ಡ ಅಧ್ಯಯನವೂ ಇದನ್ನೇ ಎತ್ತಿ ಹಿಡಿಯಿತು. ವೈರಸ್ ಹತೋಟಿಯಲ್ಲಿ ಇಟ್ಟುಕೊಂಡ 974 ಮಂದಿ ಒಂದು ಕಡೆ, ಕಾಯಿಲೆ ಮುಂದುವರಿದ 2,648 ಮಂದಿ ಇನ್ನೊಂದು ಕಡೆ. ಇಡೀ ಜೀನ್ ಸಂಪತ್ತನ್ನು ಜಾಲಾಡಿದಾಗ ಗಟ್ಟಿಯಾಗಿ ನಿಂತ ವ್ಯತ್ಯಾಸಗಳೆಲ್ಲ 6ನೇ ವರ್ಣತಂತುವಿನ ಆ ಎಚ್‌ಎಲ್‌ಎ ಭಾಗದಲ್ಲೇ ಸಿಕ್ಕವು. ಅಲ್ಲೂ ಬಹುಪಾಲು ತೂಕ ಎಚ್‌ಎಲ್‌ಎ-ಬಿಯ ತಗ್ಗಿನೊಳಗಿನ ಕೆಲವೇ ಅಮೈನೊ ಆಮ್ಲಗಳ ಮೇಲೆ, ಅದರಲ್ಲೂ 97ನೇ ಜಾಗದ ಮೇಲೆ ಬಿತ್ತು.

ಈ ಅಧ್ಯಯನಗಳಲ್ಲಿ ಬಹಳಷ್ಟು ಅಮೆರಿಕ, ಯುರೋಪಿನವರ ಮೇಲೆ ನಡೆದವು. ಅಲ್ಲಿ ಓಡಾಡುವುದು ಎಚ್‌ಐವಿಯ ಬಿ ಉಪಬಗೆ, ನಮ್ಮ ದೇಶದಲ್ಲಿ ಹೆಚ್ಚಿರುವುದು ಸಿ. ಆದರೆ ಸಿ ಉಪಬಗೆಯೇ ಇರುವ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಕೆಲಸದಲ್ಲೂ ಎಚ್‌ಎಲ್‌ಎಯ ಎ, ಬಿ, ಸಿ ಮೂರು ಜೀನುಗಳಲ್ಲಿ ಬಿಯದ್ದೇ ದೊಡ್ಡ ಪಾಲು ಎಂದು ಕಂಡಿತು. ಹಾಗಾಗಿ ಮೂಲ ತತ್ವ ನಮಗೂ ಹೊಂದುತ್ತದೆ. ಯಾವ ಬಗೆ ಎಷ್ಟು ಕಾಯುತ್ತದೆ ಎನ್ನುವ ಲೆಕ್ಕ ಮಾತ್ರ ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಜಪಾನಿನಲ್ಲಿ ಮೊದಲೆಲ್ಲ ಬಿ*51 ಇದ್ದವರು ಚೆನ್ನಾಗಿರುತ್ತಿದ್ದರು. ಅಲ್ಲಿ ಆ ಬಗೆ ಬಹಳ ಜನರಿಗಿದೆ. ವೈರಸ್ ಅವರ ದೇಹಗಳಲ್ಲಿ ಹಾದು ಹಾದು ಬಿ*51ನ್ನು ತಪ್ಪಿಸಿಕೊಳ್ಳುವುದನ್ನು ಕಲಿತು, ಕಲಿತ ರೂಪದಲ್ಲೇ ಹರಡತೊಡಗಿತು. ಈಗ ಅಲ್ಲಿ ಆ ಜೀನಿನ ರಕ್ಷಣೆ ಉಳಿದಿಲ್ಲ.

ನೀವಿಬ್ಬರು ಅಣ್ಣ-ತಮ್ಮಂದಿರ ಲೆಕ್ಕಕ್ಕೆ ಬರೋಣ. ಒಂದೇ ತಂದೆ-ತಾಯಿಯ ಮಕ್ಕಳಲ್ಲಿ ಎಚ್‌ಎಲ್‌ಎ ಒಂದೇ ಇರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅಪ್ಪನಲ್ಲಿ ಎರಡು ಸೆಟ್, ಅವ್ವನಲ್ಲಿ ಎರಡು ಸೆಟ್, ಪ್ರತಿ ಮಗುವಿಗೆ ಇಬ್ಬರಿಂದಲೂ ಒಂದೊಂದು. ಇಬ್ಬರು ಅಣ್ಣ-ತಮ್ಮಂದಿರಿಗೆ ಎರಡೂ ಸೆಟ್ ಒಂದೇ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ಸೆಟ್ ಮಾತ್ರ ಒಂದೇ ಆಗಿರುವುದು ನಾಲ್ಕರಲ್ಲಿ ಎರಡು. ಒಂದೂ ಹೊಂದದೆ ಪರರಷ್ಟೇ ಬೇರೆಯಾಗಿರುವುದು ನಾಲ್ಕರಲ್ಲಿ ಒಂದು. ನಿಮಗೆ ಬಿ*57ರಂಥದ್ದೇನೋ ಬಂದು, ಅಣ್ಣನಿಗೆ ಬಾರದೇ ಇದ್ದಿರಬಹುದು. ಅವರಿಗೆ ಹೊಕ್ಕ ವೈರಸ್ಸೇ ಬೇರೆ ಇರಬಹುದು, ಇಬ್ಬರಿಗೂ ಒಬ್ಬರಿಂದಲೇ ಬಂದಿರಲಿಕ್ಕಿಲ್ಲ. ವೈರಸ್ಸಿನಲ್ಲೂ ಬಿರುಸಾಗಿ ಬೆಳೆಯುವವು, ಮಂದವಾಗಿ ಬೆಳೆಯುವವು ಇರುತ್ತವೆ.

ಮನುಷ್ಯನ ಜೀನುಗಳದ್ದು ಒಟ್ಟು ಎಷ್ಟು ಪಾಲು? 2007ರಲ್ಲಿ ಮೊದಲ ಬಾರಿ ಇಡೀ ಜೀನ್ ಸಂಪತ್ತನ್ನು ನೋಡಿದಾಗ, ರಕ್ತದಲ್ಲಿ ವೈರಸ್ ಯಾವ ಮಟ್ಟದಲ್ಲಿ ನೆಲೆ ನಿಲ್ಲುತ್ತದೆ ಎಂಬ ವ್ಯತ್ಯಾಸದಲ್ಲಿ ಶೇ 15ರ ಆಸುಪಾಸು ಎರಡು ಜೀನ್ ಗುರುತುಗಳಿಂದ ವಿವರಿಸಲು ಬಂತು. ಮುಂದೆ ಹೆಚ್ಚು ಜನರನ್ನು ಸೇರಿಸಿ ನೋಡಿದಾಗ ಅದು ಸುಮಾರು ಕಾಲು ಭಾಗಕ್ಕೆ ಬಂದು ನಿಂತಿತು. ಕಾಲು ಭಾಗ ಕಡಿಮೆಯೇನಲ್ಲ, ಆದರೆ ಮುಕ್ಕಾಲು ಬೇರೆ ಕಡೆ ಇದೆ. ಬಿ*57 ಇದ್ದೂ ಎಲ್ಲರಂತೆ ಕಾಯಿಲೆ ಬಿದ್ದವರು ಬೇಕಾದಷ್ಟು ಜನ ಇದ್ದಾರೆ. ಬಿ*57 ಇಲ್ಲದೆಯೂ ವೈರಸ್ಸನ್ನು ಹಿಡಿದಿಟ್ಟವರೂ ಇದ್ದಾರೆ. ಈ ಕ್ಷೇತ್ರದಲ್ಲಿ ಆತುರದ ಸುದ್ದಿಗಳಿಗೂ ಬರವಿಲ್ಲ. 2005ರಲ್ಲಿ ಸಿಸಿಎಲ್3ಎಲ್1 ಎಂಬ ಜೀನಿನ ಪ್ರತಿಗಳು ದೇಹದಲ್ಲಿ ಹೆಚ್ಚಿದ್ದಷ್ಟೂ ಎಚ್‌ಐವಿ ಅಪಾಯ ಕಡಿಮೆ ಎಂದು ದೊಡ್ಡ ಸುದ್ದಿಯಾಯಿತು, ನಾಲ್ಕು ವರ್ಷದಲ್ಲಿ ಬೇರೆ ತಂಡಗಳು ನೋಡಿದಾಗ ಅದು ನಿಲ್ಲಲಿಲ್ಲ.

ಮೊಬೈಲಿನಲ್ಲಿ ನೀವು ಓದಿದ್ದು ಬಹುಶಃ ಸಿಸಿಆರ್5 ಕಥೆ ಇರಬೇಕು, ಎಲ್ಲರೂ ಅದನ್ನೇ ಹಂಚುತ್ತಾರೆ. ಎಚ್‌ಐವಿ ಸಿಡಿ4 ಕಣದೊಳಗೆ ನುಗ್ಗಲು ಆ ಕಣದ ಹೊರಮೈಯ ಸಿಸಿಆರ್5 ಎಂಬ ಪ್ರೋಟೀನಿನ ಆಸರೆ ಬೇಕು. ಕೆಲವರಲ್ಲಿ ಆ ಜೀನಿನ 32 ಅಕ್ಷರಗಳು ಬಿಟ್ಟುಹೋಗಿ ಪ್ರೋಟೀನೇ ಹೊರಗೆ ಬರುವುದಿಲ್ಲ. ಅಪ್ಪ, ಅವ್ವ ಇಬ್ಬರಿಂದಲೂ ಇಂಥ ಜೀನ್ ಬಂದವರಿಗೆ ಎಚ್‌ಐವಿ ತಗುಲುವುದು ಬಹಳ ಅಪರೂಪ. ಇದು 1996ರಲ್ಲಿ ಗೊತ್ತಾಯಿತು. ಬರ್ಲಿನ್‌ನಲ್ಲಿ ರಕ್ತದ ಕ್ಯಾನ್ಸರ್‌ಗೆ ಇಂಥ ದಾನಿಯ ಅಸ್ಥಿಮಜ್ಜೆ ಪಡೆದ ಟಿಮೊಥಿ ರೇ ಬ್ರೌನ್ ಎಚ್‌ಐವಿಯಿಂದ ಪೂರ್ತಿ ಮುಕ್ತನಾದ ಮೊದಲ ಮನುಷ್ಯ. ಆದರೆ ಈ ಜೀನ್ ಎರಡೂ ಕಡೆಯಿಂದ ಬಂದವರು ಉತ್ತರ ಯುರೋಪಿನ ಮೂಲದವರಲ್ಲೇ ನೂರಕ್ಕೆ ಒಬ್ಬರಷ್ಟು. ಭಾರತೀಯರಲ್ಲಿ ಒಂದು ಕಡೆಯಿಂದ ಬಂದದ್ದೂ ತೀರಾ ವಿರಳ. ಇನ್ನು ನಿಮಗೆ ಸೋಂಕು ತಗುಲಿಯೇ ಇದೆ, ಆದ್ದರಿಂದ ನಿಮ್ಮ ವಿಷಯದಲ್ಲಿ ಈ ಕಥೆ ಇಲ್ಲಿಗೇ ಮುಗಿಯುತ್ತದೆ.

ನಿಮ್ಮ ಮನೆಯವರ ವಿಷಯದಲ್ಲಿ? ಅವರಿಗೂ ವಿಶೇಷ ಜೀನ್ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರಳ ಕಾರಣ ಕಣ್ಣೆದುರೇ ಇದೆ. ಉಗಾಂಡಾದ ರಾಕಾಯ್‌ನಲ್ಲಿ ಒಬ್ಬರಿಗೆ ಪಾಸಿಟಿವ್, ಇನ್ನೊಬ್ಬರಿಗೆ ನೆಗೆಟಿವ್ ಇದ್ದ 415 ಜೋಡಿಗಳನ್ನು ನೋಡಿದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ವೈರಲ್ ಲೋಡ್ 1,500ಕ್ಕಿಂತ ಕಡಿಮೆ ಇದ್ದವರಿಂದ ಜೊತೆಗಾರರಿಗೆ ಒಂದು ಸೋಂಕೂ ದಾಟಿರಲಿಲ್ಲ. ನಿಮ್ಮ ದೇಹ 2017ಕ್ಕಿಂತ ಮೊದಲು ವೈರಸ್ಸನ್ನು ಕೆಳಮಟ್ಟದಲ್ಲಿ ಇಟ್ಟಿದ್ದರೆ ಅದೇ ಅವರನ್ನೂ ಕಾಯ್ದಿರಬಹುದು. 2017ರ ನಂತರ ಆ ಕೆಲಸ ಗುಳಿಗೆಯದ್ದು. ಚಿಕಿತ್ಸೆಯಿಂದ ವೈರಲ್ ಲೋಡ್ 200ಕ್ಕಿಂತ ಕೆಳಗಿದ್ದ ಜೋಡಿಗಳನ್ನು ಯುರೋಪಿನಲ್ಲಿ ಗಮನಿಸಿದಾಗ, ಕಾಂಡೋಮ್ ಇಲ್ಲದೆ 58,000 ಸಲ ಕೂಡಿದರೂ ಜೊತೆಗಾರರಿಂದ ಒಂದೇ ಒಂದು ಸೋಂಕು ದಾಟಲಿಲ್ಲ ಎಂದು 2016ರಲ್ಲಿ ವರದಿಯಾಯಿತು.

ಅವರು ನಿಮ್ಮ ಅಕ್ಕನ ಮಗಳು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ನೀವು ಅಂದುಕೊಂಡ ದಿಕ್ಕಿನಲ್ಲಿ ಅಲ್ಲ. ಸೋದರಮಾವ ಮತ್ತು ಸೊಸೆಗೆ ಎಚ್‌ಎಲ್‌ಎಯ ಒಂದು ಸೆಟ್ ಒಂದೇ ಆಗಿರುವ ಸಂಭವ ಎರಡರಲ್ಲಿ ಒಂದು. ನಿಮ್ಮೊಳಗಿನ ವೈರಸ್ ಇಷ್ಟು ವರ್ಷ ನಿಮ್ಮ ಎಚ್‌ಎಲ್‌ಎಯನ್ನು ತಪ್ಪಿಸಿಕೊಳ್ಳುವುದನ್ನೇ ಅಭ್ಯಾಸ ಮಾಡಿದೆ. ಅದೇ ಸೆಟ್ ಇರುವ ಇನ್ನೊಂದು ದೇಹ ಅದಕ್ಕೆ ಪರಿಚಯದ ಜಾಗ. ಜಾಂಬಿಯಾದ ಜೋಡಿಗಳಲ್ಲಿ ಗಂಡ-ಹೆಂಡತಿಯ ಎಚ್‌ಎಲ್‌ಎ-ಬಿ ಹೊಂದಿದ್ದರೆ ಸೋಂಕು ದಾಟುವುದು ಹೆಚ್ಚು ಎಂದು 2004ರಲ್ಲಿ ಕಂಡುಬಂದಿದೆ. ಹಾಗಾಗಿ ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಗುಳಿಗೆ ತಪ್ಪಿಸದಿರುವುದು ಇನ್ನೂ ಮುಖ್ಯ. ನಮ್ಮ ಕಡೆ ಇಂಥ ಮನೆಗಳೇನು ಕಡಿಮೆಯೇ?

ಮಕ್ಕಳ ಪ್ರಶ್ನೆ ಇದಕ್ಕೇ ಅಂಟಿಕೊಂಡಿದೆ. ಹುಟ್ಟುವ ಮಗುವಿಗೆ ನಿಮ್ಮ ಎರಡು ಸೆಟ್‌ಗಳಲ್ಲಿ ಒಂದು ಬರುತ್ತದೆ. ಒಳ್ಳೆಯದೆಂದು ನೀವು ತಿಳಿದದ್ದೇ ಬರಬೇಕೆಂದಿಲ್ಲ. ಇನ್ನೊಂದು ಮಾತೂ ಇದೆ. ಆರು ಎಚ್‌ಎಲ್‌ಎ ಬಗೆಗಳೂ ಬೇರೆ ಬೇರೆ ಇದ್ದವರು ಹೆಚ್ಚು ಬಗೆಯ ತುಣುಕುಗಳನ್ನು ತೋರಿಸಬಲ್ಲರು. ಎರಡೂ ಸೆಟ್ ಒಂದೇ ಆದವರ ಕೈಯಲ್ಲಿ ಮೂರೇ ಬಗೆ. ಎಚ್‌ಐವಿ ಇದ್ದವರಲ್ಲಿ ಹೀಗೆ ಒಂದೇ ಬಗೆ ಎರಡೂ ಕಡೆಯಿಂದ ಬಂದವರು ಬೇಗ ಕಾಯಿಲೆ ಬೀಳುತ್ತಾರೆ ಎಂದು 1999ರಲ್ಲೇ ತೋರಿಸಲಾಗಿದೆ. ಅಕ್ಕನ ಮಗಳನ್ನು ಮದುವೆಯಾದವರ ಮಗುವಿಗೆ ಹೀಗಾಗುವ ಸಂಭವ ಎಂಟರಲ್ಲಿ ಒಂದು, ಅತ್ತೆ-ಮಾವಂದಿರ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಹೆದರಬೇಕಿಲ್ಲ. ಎಚ್‌ಐವಿ ಇಲ್ಲದ ಮಗುವಿನ ದಿನನಿತ್ಯದ ಆರೋಗ್ಯಕ್ಕೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಸಂಬಂಧದ ಮದುವೆಯಲ್ಲಿ ನಾನು ಹೆಚ್ಚು ಯೋಚಿಸುವುದು ಥಲಸ್ಸೀಮಿಯ (ರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ), ಹುಟ್ಟು ಕಿವುಡಿನಂಥ ತೊಂದರೆಗಳ ಬಗ್ಗೆ. ಗರ್ಭ ನಿಲ್ಲುವ ಮೊದಲೇ ಹೆರಿಗೆ ಡಾಕ್ಟರ ಹತ್ತಿರ ಈ ಸಂಬಂಧವನ್ನು ಬಾಯಿಬಿಟ್ಟು ಹೇಳಿ. ಎಚ್‌ಐವಿ ಮಗುವಿಗೆ ಹೋಗುವುದು ತಾಯಿಯಿಂದ. ತಾಯಿ ನೆಗೆಟಿವ್ ಆಗಿ ಉಳಿದರೆ ಆ ಚಿಂತೆಯೇ ಇಲ್ಲ. ಮಗು ಬೇಕು ಎಂದು ತೀರ್ಮಾನಿಸಿದಾಗ ವೈರಲ್ ಲೋಡ್ ಹೊಸದಾಗಿ ಮಾಡಿಸಿ, ರಿಪೋರ್ಟ್ ಹಿಡಿದು ಎಆರ್‌ಟಿ (ಎಚ್‌ಐವಿ ಗುಳಿಗೆ ಚಿಕಿತ್ಸೆ) ಡಾಕ್ಟರ ಜೊತೆ ಇಬ್ಬರೂ ಕೂತು ಮಾತಾಡಿ.

ಜೀನ್ ಟೆಸ್ಟ್ ಬೇಡ. ಹೈದರಾಬಾದಿನಲ್ಲೂ ಬೆಂಗಳೂರಲ್ಲೂ ಎಚ್‌ಎಲ್‌ಎ ಟೈಪಿಂಗ್ ಮಾಡುವ ಲ್ಯಾಬ್‌ಗಳಿವೆ, ಸಾವಿರಾರು ರೂಪಾಯಿ ಹೋಗುತ್ತದೆ. ಎ, ಬಿ, ಸಿ ಎದುರು ಎರಡೆರಡು ನಂಬರ್ ಇರುವ ಒಂದು ಹಾಳೆ ಕೈಗೆ ಬರುತ್ತದೆ. ಅದರಲ್ಲಿ ಬಿ*57 ಇದ್ದರೂ ನೀವು ನುಂಗುವುದು ಅದೇ ಗುಳಿಗೆ, ಬಿ*35:03 ಇದ್ದರೂ ಅದೇ ಗುಳಿಗೆ. ಚಿಕಿತ್ಸೆ ಬದಲಾಗದ ಪರೀಕ್ಷೆಗೆ ದುಡ್ಡು ಹಾಕುವುದು ದಂಡ. ರೋಗನಿರೋಧಕ ಜೀನ್ ನೋಡಿ ಪುಡಿ, ಕಷಾಯ ಕೊಡುತ್ತೇವೆ ಎನ್ನುವವರ ಬಾಗಿಲಿಗಂತೂ ಹೋಗಲೇಬೇಡಿ.

ಇದಕ್ಕೆ ಒಂದೇ ಒಂದು ಅಪವಾದ ಇದೆ, ಅದು ಜೀವದ ಪ್ರಶ್ನೆ. ಅಬಕಾವಿರ್ ಎಂಬ ಎಚ್‌ಐವಿ ಔಷಧಿ ಇದೆ. ಬಿ*57:01 ಇದ್ದವರಲ್ಲಿ ಕೆಲವರಿಗೆ ಅದು ಒಗ್ಗುವುದಿಲ್ಲ. ಶುರು ಮಾಡಿದ ಮೊದಲ ಆರು ವಾರದೊಳಗೆ ಜ್ವರ, ಮೈಮೇಲೆ ಗಂಧೆ, ವಾಂತಿ, ಹೊಟ್ಟೆನೋವು, ಕೆಮ್ಮು, ಉಸಿರಾಟದ ತೊಂದರೆ ಬರುತ್ತದೆ. ಪ್ರತಿ ಡೋಸಿಗೂ ಹೆಚ್ಚುತ್ತಾ ಹೋಗುತ್ತದೆ. ನಿಲ್ಲಿಸಿದ ಮೇಲೆ ಮತ್ತೆ ಒಂದು ಗುಳಿಗೆ ನುಂಗಿದರೂ ಪ್ರಾಣಕ್ಕೆ ಬರಬಹುದು. ಮೊದಲೇ ಬಿ*57:01 ನೋಡಿ, ಇದ್ದವರಿಗೆ ಅಬಕಾವಿರ್ ಕೊಡದಿದ್ದರೆ ಈ ತೊಂದರೆಯನ್ನು ತಪ್ಪಿಸಬಹುದು ಎಂದು 2008ರ ಪ್ರೆಡಿಕ್ಟ್-1 ಪ್ರಯೋಗ ತೋರಿಸಿತು. ಬಿ*57:01 ಭಾರತೀಯರಲ್ಲಿ ಅಪರೂಪದ ಬಗೆಯಲ್ಲ. ನಿಮ್ಮಂತೆ ನಿಧಾನವಾಗಿ ಮುಂದುವರಿದವರಲ್ಲಿ ಅದು ಇರುವ ಸಂಭವ ಉಳಿದವರಿಗಿಂತ ಇನ್ನೂ ಹೆಚ್ಚು. ನೀವು ಈಗ ನುಂಗುತ್ತಿರುವುದು ಬಹುತೇಕ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಗುಳಿಗೆ. ಅದರಲ್ಲಿ ಅಬಕಾವಿರ್ ಇಲ್ಲ. ಮುಂದೆ ಎಂದಾದರೂ ಕಿಡ್ನಿ ತೊಂದರೆಯಿಂದಲೋ ಮತ್ತೊಂದರಿಂದಲೋ ಟೆನೊಫೊವಿರ್ ಬಿಡಿಸಿ ಅಬಕಾವಿರ್ ಕೊಡುವ ಮಾತು ಬಂದರೆ, ‘ನನಗೆ ಗುಳಿಗೆ ಇಲ್ಲದೆ ಎಂಟು ವರ್ಷ ಸಿಡಿ4 ಇಳಿದಿರಲಿಲ್ಲ, ಬಿ*57:01 ನೋಡಬಹುದಾ ಸರ್?’ ಎಂದು ಸಂಕೋಚ ಇಲ್ಲದೆ ಕೇಳಿ.

ಈಗ ಗುಳಿಗೆ ಯಾಕೆ ಬಿಡಬಾರದು ಎಂಬುದು. ಸಿಡಿ4 ಚೆನ್ನಾಗಿದ್ದವರಿಗೆ ಗುಳಿಗೆ ನಿಲ್ಲಿಸಿ, ಇಳಿದಾಗ ಮತ್ತೆ ಶುರು ಮಾಡಿದರೆ ಹೇಗೆ ಎಂದು ಸ್ಮಾರ್ಟ್ ಎಂಬ ಪ್ರಯೋಗದಲ್ಲಿ 5,400ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. ನಿಲ್ಲಿಸಿದವರಲ್ಲಿ ಸಾವು, ಸೋಂಕು ಮಾತ್ರವಲ್ಲ, ಹೃದಯ, ಕಿಡ್ನಿ, ಲಿವರ್ ತೊಂದರೆಗಳೂ ಹೆಚ್ಚಾಗುತ್ತಿರುವುದು ಕಂಡು 2006ರ ಜನವರಿಯಲ್ಲಿ ಆ ಗುಂಪಿನ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. 2015ರಲ್ಲಿ ಬಂದ ಸ್ಟಾರ್ಟ್ ಪ್ರಯೋಗ ನಿಮ್ಮಂಥವರಿಗೇ ಹೇಳಿ ಮಾಡಿಸಿದ್ದು: ಸಿಡಿ4 500ಕ್ಕಿಂತ ಮೇಲಿದ್ದ 4,685 ಮಂದಿಯಲ್ಲಿ ಕೂಡಲೇ ಗುಳಿಗೆ ಶುರು ಮಾಡಿದವರಿಗೆ, ಕಾದು ಶುರು ಮಾಡಿದವರಿಗಿಂತ ಗಂಭೀರ ತೊಂದರೆ ಶೇ 57ರಷ್ಟು ಕಡಿಮೆ. ಔಷಧಿ ಇಲ್ಲದೆ ವೈರಸ್ಸನ್ನು ಹಿಡಿದಿಟ್ಟವರ ದೇಹದಲ್ಲೂ ಒಳಗೊಳಗೇ ಉರಿಯೂತ ನಡೆದೇ ಇರುತ್ತದೆ, ಅದರ ಬೆಲೆ ಹೃದಯ, ರಕ್ತನಾಳ ತೆರುತ್ತವೆ. ಸಿಡಿ4 ನಂಬರ್ ಒಂದನ್ನೇ ನೋಡಿದರೆ ಅದು ಕಾಣುವುದಿಲ್ಲ. ನಿಮ್ಮ ಎಚ್‌ಎಲ್‌ಎ ಎಷ್ಟೇ ಒಳ್ಳೆಯದಿರಲಿ, ಗುಳಿಗೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಮೇಲೇಳುತ್ತದೆ. ಈಗ ನಿಮ್ಮ ಮನೆಯವರ ರಕ್ಷಣೆಯೂ ಆ ಗುಳಿಗೆ ಡಬ್ಬಿಯೊಳಗೇ ಇದೆ ಎಂದು ತಿಳಿಯಿರಿ. ಲಾರಿ ಮೇಲೆ ದಿನಗಟ್ಟಲೆ ಹೋಗುವವರು ಒಂದು ತಿಂಗಳದ್ದು ಹೆಚ್ಚಿಗೆ ಬೇಕೆಂದು ಕೇಂದ್ರದಲ್ಲಿ ಮೊದಲೇ ಹೇಳಿಟ್ಟರೆ ವ್ಯವಸ್ಥೆ ಮಾಡಿಕೊಡುತ್ತಾರೆ. ಹೈದರಾಬಾದಿನಲ್ಲಿ ಸಿಕ್ಕಿಬಿದ್ದಾಗ ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ನಿಮ್ಮ ಚಿಕಿತ್ಸೆಯ ಪುಸ್ತಕ ತೋರಿಸಿ ಕೇಳಬಹುದು.

ವರ್ಷಕ್ಕೊಮ್ಮೆ ವೈರಲ್ ಲೋಡ್ ತಪ್ಪಿಸಬೇಡಿ. ನಿಮ್ಮ ಮನೆಯವರು ಕೇಂದ್ರದವರು ಹೇಳಿದ ಅವಧಿಗೆ ಪರೀಕ್ಷೆ ಮಾಡಿಸುತ್ತಲೇ ಇರಲಿ. ಮನೆಯಲ್ಲೇ ಟಿಬಿಯಿಂದ ಒಬ್ಬರು ಹೋಗಿದ್ದಾರೆ, ಟಿಬಿ ಬಾರದಂತೆ ತಡೆಯುವ ಐಸೊನಿಯಾಜಿಡ್ ಗುಳಿಗೆಯ ಕೋರ್ಸ್ ನಿಮಗೆ ಆಗಿದೆಯೋ ಇಲ್ಲವೋ ನಿಮ್ಮ ಪುಸ್ತಕದಲ್ಲಿ ನೋಡಿ, ಆಗದಿದ್ದರೆ ಕೇಳಿ. ಕೆಮ್ಮು ಎಷ್ಟೇ ದಿನದ್ದಾಗಿರಲಿ, ಕಾಯಬೇಡಿ.

ಕೊನೆಗೆ, ನೀವು ಬರೆಯದೇ ಬಿಟ್ಟ ಒಂದು ವಿಷಯ. ನಿಮ್ಮ ಅತ್ತಿಗೆ ಇದ್ದಾರೆಯೇ, ಅಣ್ಣನಿಗೆ ಮಕ್ಕಳಿದ್ದಾರೆಯೇ? ಇದ್ದರೆ, ಅವರಿಗೆ ಪರೀಕ್ಷೆ ಆಗಿದೆಯೇ? ಅಣ್ಣ ತೀರಿಕೊಂಡ ವರ್ಷ ‘ಟಿಬಿ’ ಎಂದು ಮಾತ್ರ ಹೇಳಿ ಮುಚ್ಚಿಟ್ಟ ಮನೆಗಳನ್ನು ನಾನು ಬಲ್ಲೆ. ನಿಮಗೆ ಇಳಿಯದ ಸಿಡಿ4 ಅವರಿಗೆ ಇಳಿದಿರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ತಾಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಪರೀಕ್ಷೆ ಉಚಿತ. ಅಲ್ಲಿ ಗುರುತಿನವರು ಸಿಗುತ್ತಾರೆಂಬ ಅಳುಕಿದ್ದರೆ ಕಲಬುರಗಿ ಜಿಲ್ಲಾ ಆಸ್ಪತ್ರೆಗೆ ಬರಲಿ. ಒಪ್ಪಿಗೆ ಇಲ್ಲದೆ ಯಾರ ಫಲಿತಾಂಶವನ್ನೂ ಹೊರಗೆ ಹೇಳುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಬರುವ ಮೊದಲು ಏನಾದರೂ ಕೇಳುವುದಿದ್ದರೆ 1097 ಎಂಬ ಸಹಾಯವಾಣಿಗೆ ಫೋನ್ ಮಾಡಲಿ, ಹೆಸರು ಹೇಳಬೇಕಿಲ್ಲ, ದುಡ್ಡೂ ಬೀಳುವುದಿಲ್ಲ.